ಒಂಬತ್ತು ಮಣಿಗಳ ಸರ: ಹೆರಿಗೆಯ ಮನೆಯಲ್ಲಿ ಆಕ್ಸಿಟೋಸಿನ್

ಬಂಟ್ವಾಳ ತಾಲೂಕಿನ ಪೊಳಲಿ ಫಲ್ಗುಣಿ ನದಿಯ ದಂಡೆಯ ಊರು. ಗದ್ದೆ, ತೋಟ, ಮನೆಯ ಪಕ್ಕದಲ್ಲೇ ದನದ ಹಟ್ಟಿ ಇರುವ ಇಂತಹ ಊರುಗಳಲ್ಲಿ ಬೆಳೆದ ಯಾವ ಹೆಣ್ಣು ಮಗಳಿಗೂ ಒಂದು ವಿಷಯವನ್ನು ಕಲಿಸಿಕೊಡಬೇಕಾಗಿಲ್ಲ. ದನದ ಹಾಲು ಕರೆಯುವ ಮೊದಲು ಕರುವನ್ನು ಬಿಡಬೇಕು. ಕರು ಎರಡು ಸಲ ಕೆಚ್ಚಲಿಗೆ ಗುದ್ದಿ ಚೀಪಿದ ಮೇಲೆ ಹಾಲು ಇಳಿಯುತ್ತದೆ. ಕರು ಇಲ್ಲದಿದ್ದರೆ ಬಿಸಿನೀರಿನಲ್ಲಿ ಕೆಚ್ಚಲು ತೊಳೆದು, ಮೆಲ್ಲಗೆ ಸವರಿ, ಮೈದಡವಿ ಕಾಯಬೇಕು. ಅಪರಿಚಿತರು ಕರೆಯಲು ಕುಳಿತರೆ, ನಾಯಿ ಬೊಗಳಿದರೆ, ಗದ್ದಲವಾದರೆ ದನ ಹಾಲನ್ನು ಮೇಲೆಳೆದುಕೊಳ್ಳುತ್ತದೆ.

ದನ ಹಠ ಮಾಡುತ್ತಿದೆ ಎಂದು ನಾವು ಹೇಳುತ್ತೇವೆ. ಆದರೆ ಅದು ಹಠವಲ್ಲ. ಅದರ ಮೆದುಳಿನಲ್ಲಿ ತಯಾರಾಗಬೇಕಾದ ಒಂದು ಅತಿ ಸಣ್ಣ ವಸ್ತು ಇನ್ನೂ ರಕ್ತಕ್ಕೆ ಬಂದಿಲ್ಲ, ಅಷ್ಟೆ. ಆ ವಸ್ತುವಿನ ಹೆಸರು ಆಕ್ಸಿಟೋಸಿನ್. ಅಚ್ಚರಿಯ ಸಂಗತಿಯೆಂದರೆ, ಹಟ್ಟಿಯ ದನದಲ್ಲೂ ಹೆರಿಗೆ ಕೋಣೆಯ ತಾಯಿಯಲ್ಲೂ ಇರುವುದು ಒಂದೇ ಆಕ್ಸಿಟೋಸಿನ್. ಅದರ ರಚನೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಸಹೋದರಿಯರೇ, ಈ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಕೆಲವೊಮ್ಮೆ ‘ಹಾಲಿನ ಇಂಜೆಕ್ಷನ್’ ಎಂದು, ಕೆಲವೊಮ್ಮೆ ‘ಪ್ರೀತಿಯ ಹಾರ್ಮೋನು’ ಎಂದು, ಇನ್ನು ಕೆಲವೊಮ್ಮೆ ನಿಷೇಧದ ಸುದ್ದಿಯಾಗಿ ಅದು ಬಂದಿದೆ. ಆದರೆ ನಿಮ್ಮ ಮನೆಯಲ್ಲಿ ಒಬ್ಬ ಗರ್ಭಿಣಿ ಇದ್ದರೆ, ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಕರೆದೊಯ್ಯುವ ದಿನ ಹತ್ತಿರವಾಗುತ್ತಿದ್ದರೆ, ಈ ವಸ್ತುವಿನ ಕುರಿತು ನೀವು ಸರಿಯಾಗಿ ತಿಳಿದುಕೊಳ್ಳಲೇಬೇಕು. ಸಮಯಕ್ಕೆ ಸಿಕ್ಕಿದರೆ ಅದು ತಾಯಿಯ ಪ್ರಾಣ ಉಳಿಸುತ್ತದೆ. ಅವೇಳೆಯಲ್ಲಿ ಚುಚ್ಚಿದರೆ ತಾಯಿಯ ಮತ್ತು ಮಗುವಿನ ಪ್ರಾಣಕ್ಕೇ ಎರವಾಗಬಹುದು.

ಪೆಪ್ಟೈಡ್ ಎಂದರೇನು?

ನಾವು ತಿನ್ನುವ ಮೀನು, ಮೊಟ್ಟೆ, ಬೇಳೆಯಲ್ಲಿ ಪ್ರೋಟೀನ್ ಇದೆ ಎಂದು ಎಲ್ಲರಿಗೂ ಗೊತ್ತು. ಪ್ರೋಟೀನ್ ಎಂಬುದು ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಆ ಸರ ಗಿಡ್ಡವಾಗಿದ್ದರೆ ಅದನ್ನು ಪೆಪ್ಟೈಡ್ ಎನ್ನುತ್ತಾರೆ. ನಮ್ಮ ಶರೀರದ ನರಕೋಶಗಳು ಮತ್ತು ಹಾರ್ಮೋನು ಗ್ರಂಥಿಗಳ ಕೋಶಗಳು ಇಂತಹ ಹಲವಾರು ಪೆಪ್ಟೈಡ್‌ಗಳನ್ನು ತಯಾರಿಸುತ್ತವೆ. ಒಂದು ಅಂಗ ಇನ್ನೊಂದು ಅಂಗಕ್ಕೆ ಕಳುಹಿಸುವ ಚೀಟಿಗಳಂತೆ ಅವು ಕೆಲಸ ಮಾಡುತ್ತವೆ.

ಮಧುಮೇಹದವರಿಗೆ ಚಿರಪರಿಚಿತವಾದ ಇನ್ಸುಲಿನ್ ಮೇದೋಜೀರಕ ಗ್ರಂಥಿಯ ಕೋಶಗಳು ತಯಾರಿಸುವ 51 ಮಣಿಗಳ ಪೆಪ್ಟೈಡ್. ರಕ್ತದಲ್ಲಿನ ಸಕ್ಕರೆಯನ್ನು ಕೋಶಗಳ ಒಳಗೆ ಬಿಟ್ಟುಕೊಳ್ಳಿರಿ ಎಂಬುದು ಅದರ ಆಜ್ಞೆ. ಹೊಟ್ಟೆ ಖಾಲಿಯಾದಾಗ ಜಠರದಿಂದ ಹೊರಟು ಮೆದುಳಿಗೆ ಹಸಿವನ್ನು ತಿಳಿಸುವ ಗ್ರೆಲಿನ್ 28 ಮಣಿಗಳದ್ದು. ಉಪವಾಸದ ದಿನಗಳಲ್ಲಿ ನೀರು ಕುಡಿಯದಿದ್ದಾಗ ಮೂತ್ರದ ಪ್ರಮಾಣವನ್ನು ಕಡಿಮೆ ಮಾಡಿ ನೀರನ್ನು ಉಳಿಸಿಕೊಡುವ ವ್ಯಾಸೊಪ್ರೆಸಿನ್‌ನಲ್ಲಿ ಇರುವುದು ಬರೇ 9 ಮಣಿಗಳು.

ಆಕ್ಸಿಟೋಸಿನ್ ಈ ವ್ಯಾಸೊಪ್ರೆಸಿನ್‌ನ ಒಡಹುಟ್ಟಿನಂತೆ. ಅದರಲ್ಲೂ 9 ಮಣಿಗಳು. ಇಬ್ಬರ ನಡುವೆ ಎರಡೇ ಎರಡು ಮಣಿಗಳ ವ್ಯತ್ಯಾಸ. ಆದರೆ ಒಂದು ನೀರಿನ ಲೆಕ್ಕ ನೋಡಿಕೊಂಡರೆ ಇನ್ನೊಂದು ಹೆರಿಗೆ ಮತ್ತು ಎದೆಹಾಲಿನ ಲೆಕ್ಕ ನೋಡಿಕೊಳ್ಳುತ್ತದೆ.

ರಕ್ತದೊಡನೆ ಮಾತಾಡುವ ನರ

ಸಾಮಾನ್ಯವಾಗಿ ಒಂದು ನರಕೋಶ ಪಕ್ಕದ ಇನ್ನೊಂದು ನರಕೋಶಕ್ಕೋ ಸ್ನಾಯುವಿಗೋ ಸುದ್ದಿ ಮುಟ್ಟಿಸುತ್ತದೆ. ಆಕ್ಸಿಟೋಸಿನ್ ತಯಾರಿಸುವ ನರಕೋಶಗಳ ರೀತಿಯೇ ಬೇರೆ. ಅವು ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗದಲ್ಲಿವೆ. ಅವುಗಳ ಉದ್ದನೆಯ ಎಳೆಗಳು ಕೆಳಗಿಳಿದು ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿಯ ಹಿಂಭಾಗವನ್ನು ತಲುಪುತ್ತವೆ. ಮೇಲೆ ತಯಾರಾದ ಆಕ್ಸಿಟೋಸಿನ್ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಈ ಎಳೆಗಳ ಮೂಲಕ ಕೆಳಗೆ ಬಂದು ದಾಸ್ತಾನಾಗುತ್ತದೆ. ಸೂಚನೆ ಬಂದೊಡನೆ ಚೀಲಗಳು ತೆರೆದು ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ.

ಸೂಚನೆ ಎಲ್ಲಿಂದ ಬರುತ್ತದೆ? ಹೆರಿಗೆಯ ಸಮಯದಲ್ಲಿ ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತುತ್ತದೆ. ಆ ಒತ್ತಡದ ಸುದ್ದಿ ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಮೆದುಳು ಆಕ್ಸಿಟೋಸಿನ್ ಬಿಡುತ್ತದೆ. ಗರ್ಭಕೋಶ ಇನ್ನಷ್ಟು ಬಿಗಿಯಾಗಿ ಸಂಕುಚಿಸುತ್ತದೆ. ಮಗುವಿನ ತಲೆ ಇನ್ನಷ್ಟು ಒತ್ತುತ್ತದೆ. ಮತ್ತೆ ಇನ್ನಷ್ಟು ಆಕ್ಸಿಟೋಸಿನ್. ಹೀಗೆ ಬೇನೆ ಏರುತ್ತಾ ಹೋಗಿ ಮಗು ಹೊರಬರುವ ತನಕ ಈ ಚಕ್ರ ನಿಲ್ಲುವುದಿಲ್ಲ. ಶರೀರದ ಹೆಚ್ಚಿನ ಹಾರ್ಮೋನುಗಳು ಸಾಕಾದಾಗ ತಾವಾಗಿ ತಗ್ಗುತ್ತವೆ. ಇದು ಮಾತ್ರ ಕೆಲಸ ಮುಗಿಯುವ ವರೆಗೆ ಏರುತ್ತಲೇ ಇರುತ್ತದೆ.

ಮಗು ಹುಟ್ಟಿದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಮಗು ಮೊಲೆ ಚೀಪಿದಾಗ ಮತ್ತೆ ಸುದ್ದಿ ಮೆದುಳಿಗೆ ಹೋಗುತ್ತದೆ. ಹಾಲಿನ ಗ್ರಂಥಿಗಳ ಸುತ್ತ ಇರುವ ಸಣ್ಣ ಸ್ನಾಯುಕೋಶಗಳನ್ನು ಆಕ್ಸಿಟೋಸಿನ್ ಹಿಂಡುತ್ತದೆ. ಹಾಲು ಹೊರಗೆ ಬರುತ್ತದೆ. ಕೆಲವು ತಾಯಂದಿರಿಗೆ ಪಕ್ಕದ ಕೋಣೆಯಲ್ಲಿ ಮಗು ಅತ್ತ ಶಬ್ದ ಕೇಳಿದರೂ ಸಾಕು, ಎದೆ ಒದ್ದೆಯಾಗುತ್ತದೆ. ಹಾಲು ತಯಾರಿಸುವ ಕೆಲಸ ಪ್ರೊಲ್ಯಾಕ್ಟಿನ್ ಎಂಬ ಬೇರೆ ಹಾರ್ಮೋನಿನದ್ದು. ತಯಾರಾದುದನ್ನು ಇಳಿಸಿಕೊಡುವುದು ಆಕ್ಸಿಟೋಸಿನ್‌ನ ಕೆಲಸ.

ಎರಡನೆಯ, ಮೂರನೆಯ ಹೆರಿಗೆಯಾದವರು ಇನ್ನೊಂದನ್ನೂ ಗಮನಿಸಿರಬಹುದು. ಮಗುವಿಗೆ ಹಾಲೂಡಿಸುವಾಗ ಹೊಟ್ಟೆಯ ಕೆಳಭಾಗದಲ್ಲಿ ಹಿಂಡಿದಂತಹ ನೋವು ಬರುತ್ತದೆ. ಹೆದರಬೇಡಿ. ಅದೇ ಆಕ್ಸಿಟೋಸಿನ್ ಗರ್ಭಕೋಶವನ್ನು ಹಿಂಡಿ ಮೊದಲಿನ ಗಾತ್ರಕ್ಕೆ ತರುತ್ತಿದೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿರಿ ಎಂದು ವೈದ್ಯರು ಹೇಳುವುದರಿಂದ ಮಗುವಿಗೂ ತಾಯಿಗೂ ಲಾಭವಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇಕಡಾ 41.8 ಮಕ್ಕಳಿಗೆ ಮಾತ್ರ ಮೊದಲ ಗಂಟೆಯಲ್ಲಿ ಎದೆಹಾಲು ಸಿಕ್ಕಿದೆ. ಇನ್ನುಳಿದ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿದ್ದರು? ಹಲವು ಕಡೆ ತೊಟ್ಟಿಲಲ್ಲಿ ಮಲಗಿರುತ್ತಾರೆ, ಇಲ್ಲವೇ ನೋಡಲು ಬಂದವರ ಕೈಯಿಂದ ಕೈಗೆ ಹೋಗುತ್ತಿರುತ್ತಾರೆ!

ಬೆಕ್ಕಿನಿಂದ ನೊಬೆಲ್ ತನಕ

1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಎಂಬ ವಿಜ್ಞಾನಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ತೆಗೆದ ಸಾರವು ಗರ್ಭಿಣಿ ಬೆಕ್ಕಿನ ಗರ್ಭಕೋಶವನ್ನು ಸಂಕುಚಿಸುತ್ತದೆ ಎಂದು ಕಂಡುಕೊಂಡರು. ಕೆಲವೇ ವರ್ಷಗಳಲ್ಲಿ ಆ ಸಾರವನ್ನು ವೈದ್ಯರು ಹೆರಿಗೆಯಲ್ಲಿ ಬಳಸತೊಡಗಿದರು. ಆಗ ಅದನ್ನು ಪ್ರಾಣಿಗಳ ಗ್ರಂಥಿಯಿಂದ ತೆಗೆಯಬೇಕಾಗಿತ್ತು. 1953ರಲ್ಲಿ ಅಮೇರಿಕದ ವಿನ್ಸೆಂಟ್ ದು ವಿನ್ಯೋ ಅವರು 9 ಮಣಿಗಳ ಕ್ರಮವನ್ನು ತಿಳಿದು ಪ್ರಯೋಗಾಲಯದಲ್ಲೇ ಅದನ್ನು ಪೋಣಿಸಿ ತೋರಿಸಿದರು. ಕೃತಕವಾಗಿ ತಯಾರಾದ ಮೊದಲ ಪೆಪ್ಟೈಡ್ ಹಾರ್ಮೋನು ಅದು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದು ಆಸ್ಪತ್ರೆಯಲ್ಲಿ ಸಿಗುವ ಆಕ್ಸಿಟೋಸಿನ್ ಇಂಜೆಕ್ಷನ್ ಹೀಗೆ ತಯಾರಾದುದೇ.

ಆ ಒಂದು ನಿಮಿಷ

ಹೆರಿಗೆಯ ಅತಿ ಅಪಾಯದ ಗಳಿಗೆ ಯಾವುದು ಎಂದು ಕೇಳಿದರೆ ಹೆಚ್ಚಿನವರು ಬೇನೆಯ ಸಮಯ ಎನ್ನುತ್ತಾರೆ. ಮಗು ಅತ್ತ ಕೂಡಲೇ ಮನೆಯವರೆಲ್ಲ ನಿಟ್ಟುಸಿರು ಬಿಟ್ಟು ಫೋನ್ ಮಾಡತೊಡಗುತ್ತಾರೆ. ಆದರೆ ತಾಯಿಯ ಮಟ್ಟಿಗೆ ಕಷ್ಟದ ಗಳಿಗೆ ಆಗಷ್ಟೇ ಶುರುವಾಗುತ್ತದೆ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ಪ್ರತಿ ನಿಮಿಷ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡಾಗ ಆ ಜಾಗದ ರಕ್ತನಾಳಗಳು ತೆರೆದುಕೊಳ್ಳುತ್ತವೆ. ಗರ್ಭಕೋಶದ ಸ್ನಾಯುಗಳು ಬಲೆಯಂತೆ ಹೆಣೆದುಕೊಂಡಿರುವುದರಿಂದ, ಅವು ಬಿಗಿಯಾದಾಗ ನಡುವೆ ಇರುವ ನಾಳಗಳು ಹಗ್ಗ ಬಿಗಿದಂತೆ ಮುಚ್ಚಿಹೋಗುತ್ತವೆ. ಗರ್ಭಕೋಶ ದಣಿದು ಸಡಿಲವಾಗಿಯೇ ಉಳಿದರೆ? ನಲ್ಲಿ ತೆರೆದಿಟ್ಟಂತೆ ರಕ್ತ ಹೋಗುತ್ತದೆ. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಹೆರಿಗೆಯ ನಂತರದ ಅತಿ ರಕ್ತಸ್ರಾವ ಎಂದು ವೈದ್ಯರು ಹೇಳುತ್ತಾ ಬಂದಿದ್ದಾರೆ. ಮೊದಲೇ ರಕ್ತಹೀನತೆ ಇರುವ ತಾಯಿಗೆ ಅದಕ್ಕಿಂತ ಕಡಿಮೆ ರಕ್ತ ಹೋದರೂ ಅಪಾಯವೇ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ತಾಯಂದಿರು ಈ ಒಂದೇ ಕಾರಣದಿಂದ ಸಾಯುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿತ್ತು.

ಇದನ್ನು ತಡೆಯಲು ಆ ಸಂಸ್ಥೆ ಹೇಳುವ ಉಪಾಯ ಬಹಳ ಸರಳವಾದುದು. ಮಗು ಹೊರಬಂದ ಕೂಡಲೇ, ಸಾಧ್ಯವಾದರೆ ಒಂದು ನಿಮಿಷದೊಳಗೆ, ಪ್ರತಿಯೊಬ್ಬ ತಾಯಿಗೂ 10 ಯುನಿಟ್ ಆಕ್ಸಿಟೋಸಿನ್ ಕೊಡಬೇಕು. ರಕ್ತ ಹೋಗತೊಡಗಿದ ಮೇಲೆ ಕೊಡಬೇಕಾದ ಮದ್ದು ಮಾತ್ರವಲ್ಲ ಅದು. ಹೋಗದಂತೆ ಮೊದಲೇ ಕೊಡಬೇಕಾದ ಮದ್ದು. ಸಹಜ ಹೆರಿಗೆಯಾಗಲಿ, ಸಿಸೇರಿಯನ್ ಆಗಲಿ ಇದು ಎಲ್ಲರಿಗೂ ಅನ್ವಯಿಸುತ್ತದೆ.

2018-20ರ ಸರಕಾರಿ ಲೆಕ್ಕದಂತೆ ಒಂದು ಲಕ್ಷ ಹೆರಿಗೆಗಳಿಗೆ ಕರ್ನಾಟಕದಲ್ಲಿ ಸತ್ತ ತಾಯಂದಿರು 69. ದೇಶದ ಸರಾಸರಿ 97. ನಮ್ಮ ನೆರೆಯ ಕೇರಳದಲ್ಲಿ 19. ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ರಾಜ್ಯದಲ್ಲಿ ಸಾಧ್ಯವಾದುದು ನಮ್ಮಲ್ಲೇಕೆ ಸಾಧ್ಯವಾಗಬಾರದು?

ಅವೇಳೆಯ ಚುಚ್ಚುಮದ್ದು

ಅದೇ ಇಂಜೆಕ್ಷನ್ನನ್ನು ಹೆರಿಗೆಯ ಮೊದಲು ಕೊಡುವುದು ಸಂಪೂರ್ಣ ಬೇರೆಯೇ ವಿಷಯ. ಬೇನೆ ನಿಧಾನವಾದಾಗ ವೈದ್ಯರು ಆಕ್ಸಿಟೋಸಿನ್ ಬಳಸುವುದುಂಟು. ಆದರೆ ಅದನ್ನು ಗ್ಲುಕೋಸ್ ಬಾಟಲಿಯ ಮೂಲಕ ಹನಿಹನಿಯಾಗಿ, ಲೆಕ್ಕವಿಟ್ಟು, ಮಗುವಿನ ಎದೆಬಡಿತವನ್ನು ನೋಡುತ್ತಾ ಕೊಡಬೇಕು. ಬೇನೆ ವಿಪರೀತವಾದರೆ ಕೂಡಲೇ ಹನಿಯನ್ನು ನಿಲ್ಲಿಸಬೇಕು. ರಕ್ತದಲ್ಲಿ ಅದರ ಆಯುಸ್ಸು ಕೆಲವೇ ನಿಮಿಷಗಳಾದುದರಿಂದ ನಿಲ್ಲಿಸಿದರೆ ಪರಿಣಾಮವೂ ಬೇಗನೆ ಇಳಿಯುತ್ತದೆ.

ಬೇಗ ಹೆರಿಗೆಯಾಗಲೆಂದು ಸೊಂಟಕ್ಕೋ ತೋಳಿಗೋ ಒಮ್ಮೆಲೇ ಚುಚ್ಚಿಬಿಟ್ಟರೆ ಅದನ್ನು ಹಿಂದೆಗೆದುಕೊಳ್ಳುವ ಉಪಾಯವಿಲ್ಲ. ಗರ್ಭಕೋಶ ಎಡೆಬಿಡದೆ ಬಿಗಿದುಕೊಂಡರೆ ಮಗುವಿಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಗರ್ಭಕೋಶ ಒಡೆದುಹೋಗಲೂಬಹುದು, ಅದರಲ್ಲೂ ಹಿಂದೆ ಸಿಸೇರಿಯನ್ ಆದವರಲ್ಲಿ. ಆದುದರಿಂದ ಮನೆಯಲ್ಲಾಗಲಿ, ಸೌಲಭ್ಯವಿಲ್ಲದ ಕ್ಲಿನಿಕ್ಕಿನಲ್ಲಾಗಲಿ ‘ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಬೇಗ ಮುಗಿಯಲಿ’ ಎಂದು ನೀವು ಒತ್ತಾಯಿಸಬೇಡಿ. ಯಾರಾದರೂ ಕೊಡಲು ಬಂದರೆ ಬೇಡವೆನ್ನಿ.

ಬೆಂಗಳೂರಿನ ಕಾರ್ಖಾನೆ, ದಿಲ್ಲಿಯ ತೀರ್ಪು

ಈ ಸಣ್ಣ ಪೆಪ್ಟೈಡ್‌ಗಾಗಿ ನಮ್ಮ ದೇಶದಲ್ಲಿ ಒಂದು ದೊಡ್ಡ ಕಾನೂನು ಹೋರಾಟವೇ ನಡೆಯಿತು. ಅದರ ಕೇಂದ್ರದಲ್ಲಿ ಇದ್ದುದು ನಮ್ಮ ರಾಜ್ಯದ ಕಾರ್ಖಾನೆ.

ದನ, ಎಮ್ಮೆಗಳಿಗೆ ದಿನಕ್ಕೆ ಎರಡು ಹೊತ್ತು ಆಕ್ಸಿಟೋಸಿನ್ ಚುಚ್ಚಿ ಹಾಲು ಕರೆಯುವ ಪದ್ಧತಿ ದೇಶದ ಹಲವೆಡೆ ಬೆಳೆದಿತ್ತು. ಕರುವನ್ನು ಬಿಡುವ, ಮೈದಡವುವ ತಾಳ್ಮೆ ಇಲ್ಲದವರಿಗೆ ಅದು ಸುಲಭದ ದಾರಿ. ಮೂಕಪ್ರಾಣಿಯ ಮೇಲೆ ಇದು ಹಿಂಸೆಯೇ ಸರಿ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. 2016ರಲ್ಲಿ ಹಿಮಾಚಲ ಪ್ರದೇಶದ ಹೈಕೋರ್ಟು ಈ ದುರುಪಯೋಗವನ್ನು ಗಮನಿಸಿ, ತಯಾರಿಕೆಯನ್ನು ಸರಕಾರಿ ಕಂಪೆನಿಗಳಿಗೆ ಸೀಮಿತಗೊಳಿಸಬಹುದೇ ಎಂದು ಪರಿಶೀಲಿಸಲು ಹೇಳಿತು.

2018ರ ಎಪ್ರಿಲ್ 27ರಂದು ಕೇಂದ್ರ ಸರಕಾರ ಆದೇಶ ಹೊರಡಿಸಿತು. ದೇಶದೊಳಗಿನ ಬಳಕೆಗೆ ಖಾಸಗಿ ಕಂಪೆನಿಗಳು ಆಕ್ಸಿಟೋಸಿನ್ ತಯಾರಿಸುವಂತಿಲ್ಲ, ಸರಕಾರಿ ವಲಯ ಮಾತ್ರ ತಯಾರಿಸಬೇಕು ಎಂದಿತು. ಆ ಹೊಣೆ ಬಿದ್ದುದು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಎಂಡ್ ಫಾರ್ಮಸ್ಯುಟಿಕಲ್ಸ್ ಎಂಬ ಒಂದೇ ಸರಕಾರಿ ಕಂಪೆನಿಯ ಮೇಲೆ. ಅದು 2018ರ ಜುಲೈಯಲ್ಲಿ ತಯಾರಿಕೆ ಆರಂಭಿಸಿತು.

ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಇಡೀ ದೇಶದ ಹೆರಿಗೆ ಕೋಣೆಗಳಿಗೆ ಬೇಕಾದ ಮದ್ದನ್ನು ಒಂದೇ ಕಾರ್ಖಾನೆ ಪೂರೈಸಬೇಕೆಂದರೆ? ಅಲ್ಲಿ ಒಂದು ಯಂತ್ರ ಕೆಟ್ಟರೆ ಎಲ್ಲೋ ದೂರದ ಆರೋಗ್ಯ ಕೇಂದ್ರದಲ್ಲಿ ಒಬ್ಬ ತಾಯಿಗೆ ಆ ಒಂದು ನಿಮಿಷದ ಇಂಜೆಕ್ಷನ್ ತಪ್ಪಬಹುದಲ್ಲವೇ? ಪ್ರಸೂತಿ ವೈದ್ಯರು ಈ ಆತಂಕ ವ್ಯಕ್ತಪಡಿಸಿದರು. ಖಾಸಗಿ ಕಂಪೆನಿಗಳೂ ಆಲ್ ಇಂಡಿಯಾ ಡ್ರಗ್ ಆಕ್ಷನ್ ನೆಟ್‌ವರ್ಕ್ ಎಂಬ ಸಂಘಟನೆಯೂ ನ್ಯಾಯಾಲಯಕ್ಕೆ ಹೋದವು. 2018ರ ಡಿಸೆಂಬರ್ 14ರಂದು ದಿಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ, ತಾಯಂದಿರ ಮೇಲಾಗುವ ಪರಿಣಾಮವನ್ನು ಸರಕಾರ ಪರಿಗಣಿಸಿಲ್ಲ ಎಂಬುದು ತೀರ್ಪಿನ ಸಾರ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಆಗಸ್ಟಿನಲ್ಲಿ ಅದು ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

ಒಂದು ಮಾತು ಗಮನಿಸಿ. ಹಟ್ಟಿಯಲ್ಲಿ ನಡೆದ ತಪ್ಪಿಗೆ ಹೆರಿಗೆ ಕೋಣೆಯ ಮದ್ದು ದಂಡ ತೆರಬೇಕಾಗಿ ಬಂದಿತ್ತು.

ಹಾಲು ಕುಡಿದರೆ ಏನಾಗುತ್ತದೆ?

ಇಂಜೆಕ್ಷನ್ ಕೊಟ್ಟ ದನದ ಹಾಲು ಕುಡಿದು ಹೆಣ್ಮಕ್ಕಳು ಬೇಗನೆ ದೊಡ್ಡವರಾಗುತ್ತಾರೆ ಎಂಬ ಮಾತು ತಾಯಂದಿರ ನಡುವೆ ಬಹಳ ಓಡಾಡುತ್ತದೆ. ಸ್ವಲ್ಪ ಯೋಚಿಸಿ. ಇನ್ಸುಲಿನ್ನನ್ನು ಬಾಟಲಿಯಿಂದ ಕುಡಿದರೆ ಸಾಲದೇ, ಚುಚ್ಚಿಕೊಳ್ಳುವುದೇಕೆ? ಅದು ಪೆಪ್ಟೈಡ್ ಆದುದರಿಂದ ಹೊಟ್ಟೆಯ ರಸಗಳು ಮಣಿಸರವನ್ನು ಕಡಿದು ಬಿಡಿಬಿಡಿ ಮಾಡುತ್ತವೆ. ಮೊಟ್ಟೆಯ ಪ್ರೋಟೀನಿಗೆ ಆಗುವ ಗತಿಯೇ ಅದಕ್ಕೂ ಆಗುತ್ತದೆ. ಆಕ್ಸಿಟೋಸಿನ್ ಕೂಡ ಹಾಗೆಯೇ. ಮೇಲಾಗಿ, ಹೆಣ್ಮಕ್ಕಳು ಋತುಮತಿಯರಾಗುವುದನ್ನು ನಡೆಸುವ ಹಾರ್ಮೋನುಗಳೇ ಬೇರೆ. ಇಂಜೆಕ್ಷನ್ನನ್ನು ವಿರೋಧಿಸೋಣ, ದನದ ಮೇಲಿನ ಕರುಣೆಯಿಂದ ವಿರೋಧಿಸೋಣ. ಮಗಳ ಲೋಟದ ಹಾಲನ್ನು ಕಸಿಯುವುದು ಬೇಡ.

ತಣ್ಣಗಿಡಬೇಕಾದ ಮದ್ದು

ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಒಂದು ದೌರ್ಬಲ್ಯವಿದೆ. ಸೆಖೆಯಲ್ಲಿ ಇಟ್ಟರೆ ಅದರ ಶಕ್ತಿ ಕುಂದುತ್ತದೆ. 2ರಿಂದ 8 ಡಿಗ್ರಿ ತಂಪಿನಲ್ಲಿ ಕಾಪಾಡಬೇಕು. ನಮ್ಮ ಕರಾವಳಿಯ ಮೇ ತಿಂಗಳ ಸೆಖೆ, ಮಳೆಗಾಲದಲ್ಲಿ ಮರ ಬಿದ್ದು ಹೋಗುವ ಕರೆಂಟು ನಿಮಗೆ ಗೊತ್ತೇ ಇದೆ. ಇದಕ್ಕೆ ಪರಿಹಾರವಾಗಿ ಸೆಖೆಗೆ ಕೆಡದ ಕಾರ್ಬೆಟೋಸಿನ್ ಎಂಬ ಸೋದರ ಪೆಪ್ಟೈಡನ್ನು ಪರೀಕ್ಷಿಸಲಾಯಿತು. ಭಾರತವೂ ಸೇರಿದಂತೆ 10 ದೇಶಗಳ 29,645 ತಾಯಂದಿರ ಮೇಲೆ ನಡೆದ ಈ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅತಿ ರಕ್ತಸ್ರಾವವನ್ನು ತಡೆಯುವಲ್ಲಿ ಅದು ಆಕ್ಸಿಟೋಸಿನ್‌ಗೆ ಕಡಿಮೆಯಿಲ್ಲ ಎಂದು ತಿಳಿಯಿತು. ಬೆಲೆ ಎಟುಕುವಂತಿದ್ದರೆ ಅದನ್ನೂ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ.

ಮನೆಯವರು ಏನು ಮಾಡಬಹುದು?

ಹೆದರಿಕೆಯಾದಾಗ ಶರೀರ ಎಡ್ರಿನಲಿನ್ ಬಿಡುತ್ತದೆ. ಅದು ಆಕ್ಸಿಟೋಸಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಗದ್ದಲಕ್ಕೆ ದನ ಹಾಲು ಹಿಡಿದುಕೊಳ್ಳುವುದೂ, ಬೈಗುಳ ಕೇಳಿದ ಬಾಣಂತಿಗೆ ಹಾಲು ಇಳಿಯದಿರುವುದೂ ಒಂದೇ ಕಾರಣದಿಂದ. ‘ನಿನಗೆ ಹಾಲೇ ಇಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುವ ಮನೆಯಲ್ಲಿ ಇದ್ದ ಹಾಲೂ ಇಳಿಯುವುದು ಕಷ್ಟ. ಅವಳಿಗೆ ಬೇಕಾದುದು ಏಕಾಂತ, ನಿದ್ದೆ, ಹೊಟ್ಟೆ ತುಂಬ ಊಟ ಮತ್ತು ಒಂದು ಒಳ್ಳೆಯ ಮಾತು. ಬಾಣಂತನದ ನಲ್ವತ್ತು ದಿನಗಳಲ್ಲಿ ಅತ್ತೆ, ತಾಯಿ, ನಾದಿನಿಯರು ಇಷ್ಟನ್ನು ಕೊಟ್ಟರೆ ಅದಕ್ಕಿಂತ ದೊಡ್ಡ ಟಾನಿಕ್ ಇಲ್ಲ.

ಹೆರಿಗೆಯ ಹೊತ್ತಿನಲ್ಲೂ ಹಾಗೆಯೇ. 17 ದೇಶಗಳ 15 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ 26 ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪಕ್ಕದಲ್ಲಿ ಧೈರ್ಯ ಹೇಳುವವರು ಸತತವಾಗಿ ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ಕಡಿಮೆ ಎಂದು ಕಂಡುಬಂತು. ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಒಬ್ಬ ಸಂಗಾತಿ ಮಹಿಳೆ ಇರಲು ಕೇಂದ್ರ ಸರಕಾರ 2016ರಲ್ಲೇ ಅನುಮತಿ ನೀಡಿದೆ. ಎಷ್ಟು ಮಂದಿಗೆ ಇದು ಗೊತ್ತಿದೆ?

ಆದುದರಿಂದ ಸಹೋದರಿಯರೇ, ಹೆರಿಗೆಯ ತಿಂಗಳಿಗೆ ಮೊದಲೇ ಕೆಲವು ವಿಷಯಗಳನ್ನು ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ:

* ಗರ್ಭಿಣಿಯ ರಕ್ತದ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತಾಯಿ ಕಾರ್ಡಿನಲ್ಲಿ ನೋಡಿ. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪಿಸಬೇಡಿ.
* ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಪೊಳಲಿಯಂತಹ ಊರಿನಿಂದ ತಾಲೂಕು ಆಸ್ಪತ್ರೆಗೋ ಮಂಗಳೂರಿನ ಲೇಡಿಗೋಷನ್‌ಗೋ ರಾತ್ರಿ ಹೊತ್ತು ಹೇಗೆ ಹೋಗುವುದು, ವಾಹನ ಯಾರದು ಎಂದು ಮೊದಲೇ ನಿಶ್ಚಯಿಸಿ. 108ರ ನೆನಪಿರಲಿ.
* ‘ಮಗು ಹುಟ್ಟಿದ ಕೂಡಲೇ ರಕ್ತ ನಿಲ್ಲುವ ಇಂಜೆಕ್ಷನ್ ಕೊಡುತ್ತೀರಲ್ಲವೇ?’ ಎಂದು ವೈದ್ಯರಲ್ಲಿ ಅಥವಾ ದಾದಿಯಲ್ಲಿ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.
* ಬೇನೆ ಬೇಗ ಬರಲೆಂದು ಇಂಜೆಕ್ಷನ್‌ಗೆ ಒತ್ತಾಯಿಸಬೇಡಿ.
* ಹೆರಿಗೆಯ ನಂತರದ ಮೊದಲ ಎರಡು ಗಂಟೆ ತಾಯಿಯನ್ನು ಒಂಟಿಯಾಗಿ ಬಿಡಬೇಡಿ. ಬಟ್ಟೆ ಬೇಗ ಬೇಗನೆ ಒದ್ದೆಯಾದರೆ, ತಲೆ ಸುತ್ತಿದರೆ, ಮೈ ತಣ್ಣಗಾಗಿ ಬೆವರಿದರೆ ಕೂಡಲೇ ದಾದಿಯನ್ನು ಕರೆಯಿರಿ. ‘ಹೆರಿಗೆಯಲ್ಲಿ ರಕ್ತ ಹೋಗುವುದು ಮಾಮೂಲು’ ಎಂದು ಸುಮ್ಮನಿರಬೇಡಿ.
* ಮೊದಲ ಗಂಟೆಯಲ್ಲೇ ಮಗುವನ್ನು ತಾಯಿಯ ಎದೆಗೆ ಹಾಕಿ. ಮಗುವನ್ನು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ನೆಂಟರು ಒಂದು ಗಂಟೆ ಕಾಯಲಿ.

ಮಗು ಹುಟ್ಟಿದೆ ಎಂಬ ಸುದ್ದಿ ಬಂದಾಗ ನಾವು ಮೊದಲು ಕೇಳುವ ಪ್ರಶ್ನೆ ಗಂಡೋ ಹೆಣ್ಣೋ ಎಂದು. ಇನ್ನು ಮುಂದೆ ‘ತಾಯಿ ಹೇಗಿದ್ದಾಳೆ? ರಕ್ತ ನಿಂತಿದೆಯೇ?’ ಎಂದು ಮೊದಲು ಕೇಳೋಣ.